ಅವಳಿಗೂ ಒಂದು ಕುರ್ಚಿ
ಮಗು ಆಸ್ಪತ್ರೆ ಸೇರಿದರೆ ಹೆತ್ತವರನ್ನು ಹೊರಗಿಡುವುದೇ ಶಿಸ್ತೆಂದು ಬ್ರಿಟನ್ ಬಹುಕಾಲ ನಂಬಿತ್ತು. ಒಂಟಿ ಮಗುವಿನ ಸಂಕಟವನ್ನು ಮನೋವಿಶ್ಲೇಷಕ ಜೇಮ್ಸ್ ರಾಬರ್ಟ್‌ಸನ್ 1952ರ ತಮ್ಮ ಸಾಕ್ಷ್ಯಚಿತ್ರದಲ್ಲಿ ತೋರಿಸಿದರು. ಅಲ್ಲಿನ ಸರ್ಕಾರಕ್ಕೆ ಸಲ್ಲಿಕೆಯಾದ 1959ರ ಪ್ಲಾಟ್ ವರದಿ ಹೆತ್ತವರಿಗೆ ವಾರ್ಡಿನ ಬಾಗಿಲು ತೆರೆಯಿರಿ ಎಂದಿತು. ನಮ್ಮ ಸರ್ಕಾರಿ ವಾರ್ಡುಗಳಲ್ಲಾದರೋ ತಾಯಿ ಒಳಗೇ ಇದ್ದಾಳೆ. ಗ್ಲೂಕೋಸ್ ಬಾಟಲಿ ಮುಗಿಯಿತೆಂದು ಸಿಸ್ಟರನ್ನು ಕರೆಯುವವಳು, ಮಗು ಎಷ್ಟು ಸಲ ಮೂತ್ರ ಮಾಡಿತೆಂದು ಲೆಕ್ಕವಿಡುವವಳು ಅವಳೇ. ಉದಾಹರಣೆಗೆ, ಡೆಂಗಿಯಲ್ಲಿ ಜ್ವರ ಇಳಿದ ಮೇಲಿನ ಒಂದೆರಡು ದಿನವೇ ಹೆಚ್ಚು ಅಪಾಯದ್ದು. ಆಗಿನ ಹೊಟ್ಟೆನೋವು, ಬಿಡದ ವಾಂತಿ, ಮಂಪರು ಮೊದಲು ಬೀಳುವುದು ಅವಳ ಕಣ್ಣಿಗೆ. ಆದರೂ ಅವಳಿಗೆ ಮಂಚದ ಕೆಳಗಿನ ಚಾಪೆಯೇ ಗತಿ. ಅರ್ಧ ಶುಶ್ರೂಷೆಯನ್ನು ಅವಳಿಗೇ ಒಪ್ಪಿಸಿರುವ ವ್ಯವಸ್ಥೆ ಒಂದು ಒರಗು ಕುರ್ಚಿ, ಎರಡು ಹೊತ್ತಿನ ಊಟ ಕೊಟ್ಟರೆ ಅದು ಉಪಕಾರವಲ್ಲ, ಮಗುವಿನ ಚಿಕಿತ್ಸೆಯದೇ ಭಾಗ.