ತುಂಡಾದ ಮೇಲೆ ನುಡಿಯುವ ಕಂಬಿ

ಮಣ್ಣಿನ ಗಡಿಗೆಯನ್ನು ಬೆರಳಿನಿಂದ ತಟ್ಟಿ ನಾದ ಕೇಳಿ ಕೊಳ್ಳುವವರು ನಾವು. ಚಿನ್ನವನ್ನು ಒರೆಗಲ್ಲಿಗೆ ತಿಕ್ಕಿ ನೋಡುತ್ತೇವೆ. ಆದರೆ ಮನೆಯ ಛಾವಣಿಯನ್ನು ಹಿಡಿದು ನಿಲ್ಲಿಸುವ ಕಬ್ಬಿಣದ ಕಂಬಿಯನ್ನು ಮಾತ್ರ ಕಂಪನಿಯ ಹೆಸರು ಕೇಳಿಯೇ ಕೊಂಡು ತರುತ್ತೇವೆ. ಕಂಬಿಯ ನಿಜವಾದ ಬಲ ತಟ್ಟಿದರೆ ತಿಳಿಯದು, ತಿಕ್ಕಿದರೂ ತಿಳಿಯದು. ಅದನ್ನು ಎಳೆದು ಹರಿಯಲೇಬೇಕು.

ಪ್ರಯೋಗಾಲಯದಲ್ಲಿ ಕಂಬಿಯ ತುಂಡೊಂದರ ಎರಡೂ ತುದಿಗಳನ್ನು ಯಂತ್ರದ ದವಡೆಗಳಿಗೆ ಕಚ್ಚಿಸಿ ನಿಧಾನವಾಗಿ ಎಳೆಯುತ್ತಾರೆ. ಮೊದಮೊದಲು ಎಳೆತವನ್ನು ಬಿಟ್ಟರೆ ಕಂಬಿ ತನ್ನ ಮೂಲ ಉದ್ದಕ್ಕೆ ಮರಳುತ್ತದೆ. ಒಂದು ಮಿತಿಯನ್ನು ದಾಟಿದ ಮೇಲೆ ಮರಳದು. ಆಮೇಲೆ ಒಂದೆಡೆ ಕುತ್ತಿಗೆಯಂತೆ ಸಣ್ಣಗಾಗಿ ಸದ್ದಿನೊಡನೆ ತುಂಡಾಗುತ್ತದೆ. ನನಗೆ ಬಹಳ ಹಿಡಿಸಿದ್ದು ಇದರ ಮುಂದಿನ ಕೆಲಸ. ಎರಡು ತುಂಡುಗಳನ್ನು ಮತ್ತೆ ಒಂದಕ್ಕೊಂದು ಜೋಡಿಸಿಟ್ಟು, ಮೊದಲೇ ಹಾಕಿದ್ದ ಗುರುತುಗಳ ನಡುವಣ ಅಂತರ ಎಷ್ಟು ಬೆಳೆದಿದೆಯೆಂದು ಅಳೆಯುತ್ತಾರೆ. 12 ಮಿ.ಮೀ. ಕಂಬಿಗೆ ಈ ಗುರುತಿನ ಅಂತರ 60 ಮಿ.ಮೀ.

ಭಾರತೀಯ ಮಾನಕ ಐಎಸ್ 1786ರ 2008ರ ಆವೃತ್ತಿಯಂತೆ ಎಫ್‌ಇ 550 ದರ್ಜೆಯ ಕಂಬಿ ಕನಿಷ್ಠ 10 ಪ್ರತಿಶತ ಹಿಗ್ಗಿದರೆ ಸಾಕು. ಎಫ್‌ಇ 500ಡಿ ಕನಿಷ್ಠ 16 ಪ್ರತಿಶತ ಹಿಗ್ಗಬೇಕು. ಎಂದರೆ ಆ 60 ಮಿ.ಮೀ. ಕಡೇಪಕ್ಷ 69.6 ಆಗಬೇಕು. ದೊಡ್ಡ ಅಂಕಿಯ ಕಂಬಿಯೇ ಶ್ರೇಷ್ಠವೆಂದು ಅಂಗಡಿಯವನು ಹೇಳುತ್ತಾನೆ, ನಾವೂ ತಲೆಯಾಡಿಸುತ್ತೇವೆ. ಇದನ್ನು ನಾನು ಒಪ್ಪಲಾರೆ. ಭಾರ ಮಿತಿಮೀರಿದಾಗ ಹಿಗ್ಗಬಲ್ಲ ಕಂಬಿಯಿದ್ದ ತೊಲೆ ಮೊದಲು ಬಾಗುತ್ತದೆ, ಬಿರುಕು ತೋರಿಸುತ್ತದೆ. ಒಳಗಿದ್ದವರು ಮಕ್ಕಳನ್ನೆತ್ತಿಕೊಂಡು ಹೊರಗೆ ಬರಲು ಅಷ್ಟು ಹೊತ್ತು ಸಿಗುತ್ತದೆ. ಹಿಗ್ಗದೆ ಮುರಿಯುವ ಕಂಬಿ ಯಾವ ಸೂಚನೆಯನ್ನೂ ಕೊಡುವುದಿಲ್ಲ.

ತಯಾರಕರ ಮಾತಿಗಿಂತ ಪರೀಕ್ಷೆಯನ್ನೇ ನಂಬಬೇಕೆಂಬ ಹಟ ಹೊಸದಲ್ಲ. ಸ್ಕಾಟ್ಲೆಂಡಿನ ಡೇವಿಡ್ ಕಿರ್ಕಾಲ್ಡಿ ಎಂಬ ಎಂಜಿನಿಯರು 1866ರಲ್ಲಿ ಲಂಡನ್ನಿನ ಸದರ್ಕ್‌ನಲ್ಲಿ ಯಾರ ಲೋಹವನ್ನಾದರೂ ಎಳೆದು ನೋಡುವ ಸ್ವತಂತ್ರ ಪರೀಕ್ಷಾಲಯವನ್ನು ತೆರೆದನು. 1879ರಲ್ಲಿ ಟೇ ನದಿಯ ರೈಲು ಸೇತುವೆ ಕುಸಿದಾಗ ಅದರ ಕಬ್ಬಿಣದ ಭಾಗಗಳನ್ನು ಪರೀಕ್ಷೆಗೆ ತಂದದ್ದು ಅವನಲ್ಲಿಗೇ. ಅವನ ಕಟ್ಟಡದ ಬಾಗಿಲ ಮೇಲೆ ಸತ್ಯಾಂಶ ಬೇಕು, ಅಭಿಪ್ರಾಯ ಬೇಡ ಎಂಬರ್ಥದ ಮಾತು ಕೆತ್ತಿದೆ. (ಅಭಿಪ್ರಾಯ ಬರೆಯುವ ನನಗೆ ಅದು ತುಸು ಚುಚ್ಚುತ್ತದೆ.)

ಮನೆಯಾಗಲಿ ಸಮುದಾಯ ಭವನವಾಗಲಿ, ಕಟ್ಟಿಸುವವರು ತಾವು ಕೊಂಡ ಕಂಬಿಯ ಪರೀಕ್ಷಾ ಪತ್ರವನ್ನು ಕೇಳಿ ಪಡೆಯಬೇಕು. ಸಂಶಯ ಬಂದರೆ ಒಂದು ತುಂಡನ್ನು ಪ್ರಯೋಗಾಲಯಕ್ಕೆ ಕಳುಹಿಸಬೇಕು. ಪತ್ರ ಕೈಗೆ ಬಂದಾಗ ಬಲದ ಅಂಕಿಗೇ ನಿಲ್ಲದೆ, ಹಿಗ್ಗುವಿಕೆ ಎಷ್ಟು ಪ್ರತಿಶತ ಎಂಬ ಸಾಲನ್ನು ಹುಡುಕಿ ಓದಬೇಕೆಂದು ನನ್ನ ವಿನಂತಿ.