ಹೆಸರು ಬದಲಾದ ಕೌಂಟಿ

ಅಮೆರಿಕದ ಮಿಸಿಸಿಪಿ ರಾಜ್ಯದಲ್ಲಿ ವೆಬ್‌ಸ್ಟರ್ ಎಂಬ ಕೌಂಟಿಯಿದೆ. ಸುಮಾರು 10,000 ಜನರಿರುವ ಗ್ರಾಮೀಣ ಪ್ರದೇಶವದು. ಕೌಂಟಿಯೆಂದರೆ ಸ್ಥೂಲವಾಗಿ ನಮ್ಮ ಜಿಲ್ಲೆಯಂಥ ಆಡಳಿತ ಘಟಕ. ನ್ಯಾಯಾಲಯ, ಭೂದಾಖಲೆ, ಆಸ್ತಿ ತೆರಿಗೆಯ ವ್ಯವಹಾರವೆಲ್ಲ ಅದರ ಮಟ್ಟದಲ್ಲೇ ನಡೆಯುತ್ತದೆ. 1874ರಲ್ಲಿ ರಚನೆಯಾದಾಗ ಇದರ ಹೆಸರು ಸಮ್ನರ್. ಎಂಟು ವರ್ಷ ಕಳೆಯುವುದರೊಳಗೆ ಆ ಹೆಸರು ಹೋಯಿತು.

ಇದಕ್ಕೆ ಕಾರಣ ತಿಳಿಯಬೇಕಾದರೆ ಹೆಸರಿಡುವ ಅಧಿಕಾರ ಯಾರದೆಂದು ನೋಡಬೇಕು. ಕೌಂಟಿಗಳನ್ನು ರಚಿಸುವುದು ರಾಜ್ಯದ ಶಾಸನಸಭೆ. ಅಕ್ಕಪಕ್ಕದ ಕೌಂಟಿಗಳ ಭಾಗಗಳನ್ನು ಸೇರಿಸಿ ಹೊಸದನ್ನು ಮಾಡುವಾಗ ಗಡಿಯೊಂದಿಗೆ ಹೆಸರನ್ನೂ ಕಾಯಿದೆಯೇ ಗೊತ್ತುಮಾಡುತ್ತದೆ. ಹಾಗಾಗಿ ಸಭೆಯಲ್ಲಿ ಯಾರಿಗೆ ಬಹುಮತವಿದೆಯೋ ಅವರ ಆಯ್ಕೆಯೇ ನಕ್ಷೆಯಲ್ಲಿ ಮೂಡುತ್ತದೆ.

1865ರಲ್ಲಿ ಉತ್ತರ-ದಕ್ಷಿಣ ರಾಜ್ಯಗಳ ಅಂತರ್ಯುದ್ಧ ಮುಗಿದು ಗುಲಾಮಗಿರಿ ರದ್ದಾಯಿತು. ಅದರ ನಂತರದ ದಶಕವನ್ನು 'ಪುನರ್ರಚನೆಯ ಕಾಲ' ಎನ್ನುತ್ತಾರೆ. ಮಿಸಿಸಿಪಿಯಲ್ಲಿ ಕಪ್ಪು ಜನಾಂಗದ ಗಂಡಸರು ಮತ ಹಾಕಿದರು, ಶಾಸಕರೂ ಆದರು. 1874ರಲ್ಲಿ ಅವರ ಬೆಂಬಲವಿದ್ದ ರಿಪಬ್ಲಿಕನ್ ಪಕ್ಷವೇ ಆಡಳಿತದಲ್ಲಿತ್ತು. ಆ ವರ್ಷದ ಮಾರ್ಚ್‌ನಲ್ಲಿ ಮ್ಯಾಸಚೂಸೆಟ್ಸ್‌ನ ಸೆನೆಟರ್ ಚಾರ್ಲ್ಸ್ ಸಮ್ನರ್ ತೀರಿಕೊಂಡರು. ಗುಲಾಮಗಿರಿಯ ವಿರುದ್ಧ ಮಾತನಾಡಿದ್ದಕ್ಕಾಗಿ 1856ರಲ್ಲಿ ಸೆನೆಟ್ ಸಭಾಂಗಣದಲ್ಲೇ ದೊಣ್ಣೆಯ ಪೆಟ್ಟು ತಿಂದವರು ಅವರು. ಮರುತಿಂಗಳೇ ಹೊಸ ಕೌಂಟಿಗೆ ಅವರ ಹೆಸರು ಬಂತು.

ಮರುವರ್ಷ ಚಿತ್ರ ತಿರುಗಿತು. 1875ರ ಚುನಾವಣೆಯಲ್ಲಿ ಕಪ್ಪು ಮತದಾರರನ್ನು ಹಿಂಸೆ, ಬೆದರಿಕೆಗಳಿಂದ ಮತಗಟ್ಟೆಯಿಂದ ದೂರವಿಟ್ಟು, ಆಗ ಬಿಳಿಯರ ಪ್ರಾಬಲ್ಯವನ್ನು ಎತ್ತಿಹಿಡಿಯುತ್ತಿದ್ದ ಡೆಮಾಕ್ರಟಿಕ್ ಪಕ್ಷ ಶಾಸನಸಭೆಯನ್ನು ಗೆದ್ದುಕೊಂಡಿತು. ಅಮೆರಿಕದ ಉಪಾಧ್ಯಕ್ಷರಾಗಿದ್ದ ರಿಪಬ್ಲಿಕನ್ ನಾಯಕ ಸ್ಕೈಲರ್ ಕೋಲ್‌ಫ್ಯಾಕ್ಸ್ ಹೆಸರಿನಲ್ಲಿದ್ದ ಕೌಂಟಿ 1876ರಲ್ಲಿ ಕ್ಲೇ ಆಯಿತು. 1882ರಲ್ಲಿ ಸಮ್ನರ್ ಹೋಗಿ ವೆಬ್‌ಸ್ಟರ್ ಬಂತು.

ಈ ಹೊಸ ಹೆಸರಿನ ಮೂಲವಾದ ಡೇನಿಯಲ್ ವೆಬ್‌ಸ್ಟರ್ ಕೂಡ ಮ್ಯಾಸಚೂಸೆಟ್ಸ್‌ನ ಸೆನೆಟರ್ ಆಗಿದ್ದವರೇ. 1851ರಲ್ಲಿ ಸಮ್ನರ್ ಗೆದ್ದದ್ದು ಹಿಂದೆ ವೆಬ್‌ಸ್ಟರ್ ಪ್ರತಿನಿಧಿಸಿದ್ದ ಸ್ಥಾನವನ್ನು. ಆದರೆ ಇಬ್ಬರ ನಿಲುವು ಬೇರೆ. ಒಕ್ಕೂಟ ಒಡೆಯದಿರಲೆಂದು ವೆಬ್‌ಸ್ಟರ್ 1850ರ ಮಾರ್ಚ್ 7ರಂದು ಗುಲಾಮಗಿರಿಯ ಪ್ರಶ್ನೆಯಲ್ಲಿ ಉತ್ತರ-ದಕ್ಷಿಣಗಳ ರಾಜಿಯನ್ನು ಬೆಂಬಲಿಸಿದರು. ತಪ್ಪಿಸಿಕೊಂಡ ಗುಲಾಮರನ್ನು ಹಿಡಿದು ಒಡೆಯರಿಗೆ ಒಪ್ಪಿಸುವ ಕಾನೂನೂ ಆ ರಾಜಿಯ ಭಾಗವಾಗಿತ್ತು. ದಕ್ಷಿಣದ ಬಿಳಿಯ ನಾಯಕರು ಒಪ್ಪಬಹುದಾಗಿದ್ದ ಉತ್ತರದ ಹೆಸರು ಅದು. ಕೌಂಟಿಯ ಆಡಳಿತ ಕೇಂದ್ರವಾದ ವಾಲ್ತಾಲ್ ಊರಿಗಂತೂ ಗುಲಾಮಗಿರಿಯ ಪರ ಹೋರಾಡಿದ ದಕ್ಷಿಣದ ಸೇನಾನಿ ಎಡ್ವರ್ಡ್ ವಾಲ್ತಾಲ್ ಅವರ ಹೆಸರೇ ಇದೆ. ದಕ್ಷಿಣದ ಬೇರೆ ರಾಜ್ಯಗಳಲ್ಲೂ ಇಂಥ ಉದಾಹರಣೆಗಳಿವೆ: ಸಮ್ನರ್‌ಗೆ ಹೊಡೆದ ಪ್ರೆಸ್ಟನ್ ಬ್ರೂಕ್ಸ್ ಹೆಸರಿನ ಕೌಂಟಿ 1858ರಿಂದಲೂ ಜಾರ್ಜಿಯದಲ್ಲಿದೆ.

ಈ ಕೌಂಟಿಯ ಹೆಸರಿಗೆ ಅಲ್ಲಿನ ನೆಲ, ನದಿ, ನಿವಾಸಿಗಳು ಯಾವುದೂ ಆಧಾರವಲ್ಲ. ಅದು ಹೇಳುವುದು ಮತದ ಹಕ್ಕು ಯಾರಿಗೆ ಸಿಕ್ಕಿತ್ತು, ಯಾರಿಂದ ಕಿತ್ತುಕೊಳ್ಳಲಾಯಿತು ಎಂಬುದನ್ನು. ಹೆಸರು ಮತ್ತೆ ಬದಲಾಗಬೇಕೇ ಎಂಬುದನ್ನು ಅಲ್ಲಿನ ಜನರೇ ತೀರ್ಮಾನಿಸಲಿ. ಆದರೆ ಅಳಿಸಿಹೋದ ಆ ಎಂಟು ವರ್ಷಗಳ ಹೆಸರನ್ನೂ ಅದು ಹೋದ ಕಾರಣವನ್ನೂ ಅಲ್ಲಿನ ಶಾಲೆಗಳು ಮಕ್ಕಳಿಗೆ ಕಲಿಸಬೇಕು ಎಂಬುದು ನನ್ನ ಅಭಿಪ್ರಾಯ.