ದಪ್ಪ ಕುಂಚಾಕ್ಷರವೂ ನಮ್ಮ ಶಾಲೆಯ ಫಲಕವೂ



ಶಾಲೆಯ ಹೆಬ್ಬಾಗಿಲಿಗೆ ಹೊಸ ನಾಮಫಲಕ ಹಾಕಿಸಲು ನೀವೆಲ್ಲ ಹಣ ಕೂಡಿಸಿರುವುದು ಸಂತೋಷದ ಸಂಗತಿ. ಆದರೆ ನೀವು ಕಳುಹಿಸಿದ ಮಾದರಿಯನ್ನು ನೋಡಿದಾಗ, ನಿವೃತ್ತನಾದ ನನ್ನ ಕೈ ಮತ್ತೆ ಕೆಂಪು ಮಸಿಯ ಪೆನ್ನನ್ನು ಹುಡುಕಿತು. ಕುಂಚದಿಂದ ಬರೆದಂತೆ ತೋರುವ ಅತಿ ದಪ್ಪನೆಯ ಗಣಕಯಂತ್ರದ ಅಕ್ಷರದಲ್ಲಿ ಢಕಾರದ ಕೆಳಗಿನ ಸೀಳು ಮುಚ್ಚಿಹೋಗಿ, ‘ಪ್ರೌಢಶಾಲೆ’ಯು ‘ಪ್ರೌಡಶಾಲೆ’ ಆಗಿಬಿಟ್ಟಿದೆ! ನಿಮ್ಮ ಪ್ರಬಂಧಗಳಲ್ಲಿ ಇದೇ ತಪ್ಪಿಗೆ ನಾನು ಅರ್ಧ ಅಂಕ ಕಳೆಯುತ್ತಿದ್ದುದು ನೆನಪಿರಬಹುದು.

ಕುಂಚಾಕ್ಷರದ ಮೇಲೆ ನನಗೆ ದ್ವೇಷವಿಲ್ಲ. ಓಲೆಗರಿಯ ಮೇಲೆ ಕಬ್ಬಿಣದ ಮೊನೆಯಿಂದ ಕೊರೆದ ಗೆರೆ ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಸಮ. ಕುಂಚದ ಗೆರೆ ಹಾಗಲ್ಲ. ಒತ್ತಿದಲ್ಲಿ ತುಂಬಿಕೊಳ್ಳುತ್ತದೆ, ಎತ್ತಿದಲ್ಲಿ ಸಣ್ಣದಾಗುತ್ತದೆ. ಬರೆದವನ ಕೈಯ ವೇಗ ಅದರಲ್ಲಿ ಕಾಣುತ್ತದೆ. ಕಲಬುರಗಿಯಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹಿಂದೊಮ್ಮೆ ಹೇಳಿದ್ದ: “ಸರ, ಅಕ್ಷರ ದಪ್ಪ ಮಾಡೂದು ಯಾರಿಗಾದ್ರೂ ಬರ್ತದ. ಒಳಗಿನ ಖಾಲಿ ಜಾಗಾ ಉಳಸೂದೇ ಕೆಲಸ ಅದ.” ಇಷ್ಟು ಚೆನ್ನಾಗಿ ನಾನೂ ಹೇಳಲಾರೆ.

ಇಂಗ್ಲಿಷಿನಲ್ಲಿ ಪ್ರಸಿದ್ಧವಾದ ‘ಬ್ರಷ್ ಸ್ಕ್ರಿಪ್ಟ್’ ಎಂಬ ಅಚ್ಚಕ್ಷರವನ್ನು ರಾಬರ್ಟ್ ಇ. ಸ್ಮಿತ್ ಎಂಬವರು ರೂಪಿಸಿದರು. ಅದು 1942ರಲ್ಲಿ ಅಮೆರಿಕದಲ್ಲಿ ಹೊರಬಂದಿತು. ಅಲ್ಲಿ ಸಣ್ಣಕ್ಷರಗಳು ಒಂದಕ್ಕೊಂದು ಕೈಹಿಡಿದು ಸಾಗುತ್ತವೆ. ನಮ್ಮ ಲಿಪಿಯ ಸ್ವಭಾವ ಬೇರೆ. ನಮ್ಮಲ್ಲಿ ಪ್ರತಿ ಅಕ್ಷರವೂ ಬಿಡಿಯಾಗಿ ನಿಲ್ಲುತ್ತದೆ, ಮೇಲೆ ತಲೆಕಟ್ಟು, ಗುಡಿಸು, ಕೆಳಗೆ ಒತ್ತಕ್ಷರ. ದ–ಧ, ಡ–ಢಗಳ ಭೇದವೆಲ್ಲ ಒಂದು ಸಣ್ಣ ಸೀಳಿನಲ್ಲಿದೆ. ಅಕ್ಷರವನ್ನು ಕೊಬ್ಬಿಸುವ ಭರದಲ್ಲಿ ಅದು ಮುಚ್ಚಿದರೆ ‘ಧನಸಹಾಯ’ವು ‘ದನಸಹಾಯ’ವಾಗುತ್ತದೆ!

ಆದ್ದರಿಂದ ನನ್ನ ಅಭಿಪ್ರಾಯವಿಷ್ಟು: ದಪ್ಪ ಕುಂಚಾಕ್ಷರವು ದೂರದಿಂದ ಕೂಗಿ ಕರೆಯುವ ದನಿ. ನಾಟಕದ ಹೆಸರು, ಜಾತ್ರೆಯ ಕರೆ, ಅಂಗಡಿಯ ಹೆಸರು, ಪುಸ್ತಕದ ರಕ್ಷಾಪುಟ ಇವುಗಳಿಗೆ ಅದು ಒಪ್ಪುತ್ತದೆ. ಎರಡು ಮೂರು ಪದಗಳಿಗೆ ಅದು ಮುಗಿಯಬೇಕು. ವಿಳಾಸ, ದಿನಾಂಕ, ದಾನಿಗಳ ಹೆಸರು, ಶ್ರದ್ಧಾಂಜಲಿ ಇವುಗಳನ್ನು ಕೂಗಿ ಹೇಳುವುದು ಸಲ್ಲದು; ಅಲ್ಲಿ ಸರಳವಾದ ಅಕ್ಷರವೇ ಲೇಸು.

ವಾಣಿಜ್ಯ ಫಲಕಗಳಲ್ಲಿ ಶೇ. 60ರಷ್ಟು ಕನ್ನಡವಿರಬೇಕೆಂದು 2024ರ ತಿದ್ದುಪಡಿ ಕಾಯ್ದೆ ವಿಧಿಸಿದೆ. ಒಳ್ಳೆಯದೇ. ಆದರೆ ಕಾಯ್ದೆಯು ಜಾಗವನ್ನು ಕೊಡಿಸಬಲ್ಲದು, ಅಂದವನ್ನಲ್ಲ. ಇರುವ ಅಕ್ಷರವನ್ನೇ ಎಳೆದು ಹಿಗ್ಗಿಸಿ ಜಾಗ ತುಂಬಿದರೆ ಕನ್ನಡ ಬೆಳೆದಂತಾಗದು.

ಫ್ಲೆಕ್ಸ್ ಬಂದ ಮೇಲೆ ಆ ವಿದ್ಯಾರ್ಥಿಗೆ ಬೋರ್ಡಿನ ಕೆಲಸ ತಪ್ಪಿತು. ಈಗ ಗೋಡೆಗಳಿಗೆ ಸುಣ್ಣಬಣ್ಣ ಬಳಿಯುತ್ತಾನೆ. ಕುಂಚವನ್ನು ಅನುಕರಿಸುವ ಅಕ್ಷರಕ್ಕೆ ಹಣ ತೆರುವ ಬದಲು, ಕುಂಚ ಹಿಡಿಯಬಲ್ಲ ಕೈಗೇ ಆ ಹಣವನ್ನು ಏಕೆ ಕೊಡಬಾರದು? ಶಾಲೆಯ ಹೆಸರನ್ನು ಅವನು ಬರೆಯಲಿ. ಢಕಾರದ ಸೀಳನ್ನು ಮಾತ್ರ ನಾನೇ ಬಂದು ಪರೀಕ್ಷಿಸುತ್ತೇನೆ.